ಅಂಕಿತಕ್ಕೆ ಮುಂಚೆ ಒಂದು ಉಸಿರು

ಬಸವಕಲ್ಯಾಣದಲ್ಲಿ ನುಲಿಯ ಚಂದಯ್ಯನವರ ಗುಹೆಯಿದೆ, ಅಕ್ಕನಾಗಮ್ಮನವರ ಗುಹೆಯಿದೆ. ಹುಮನಾಬಾದ್ ತಾಲ್ಲೂಕಿಗೆ ಬಂದರೆ ಮೋಳಕೇರಾದಲ್ಲಿ ಮೋಳಿಗೆ ಮಾರಯ್ಯನವರ ನೆನಪಿನ ತಾಣ. ಚಂದಯ್ಯ ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುತ್ತಿದ್ದವರು, ಮಾರಯ್ಯ ಕಟ್ಟಿಗೆಯ ಹೊರೆ ಹೊತ್ತು ಮಾರುತ್ತಿದ್ದವರು. 12ನೆಯ ಶತಮಾನದಲ್ಲಿ ಇಂಥವರು ಆಡಿದ ಮಾತುಗಳನ್ನು ಇಂದಿಗೂ ಬೆಳಿಗ್ಗೆ ಪೂಜೆ ಮುಗಿಸಿ, ಕೆಲಸಕ್ಕೆ ಹೊರಡುವ ಮುನ್ನ ಓದುವ ಮನೆಗಳು ಈ ಸೀಮೆಯಲ್ಲಿವೆ. ದಿನಕ್ಕೊಂದು ವಚನ, ಅಷ್ಟೇ. ನೋಡುವವರಿಗೆ ಅರ್ಧ ನಿಮಿಷದ ಕೆಲಸ. ಹತ್ತಿರದಿಂದ ಕಂಡವರಿಗೆ ಮಾತ್ರ ಇದೊಂದು ಪಳಗಬೇಕಾದ ಕಸುಬು ಎಂದು ತಿಳಿಯುತ್ತದೆ.

ಮೊದಲು ಬೇಕಾದದ್ದು ದನಿ. ವಚನವನ್ನು ಕಣ್ಣಲ್ಲಿ ಓದಿ ಪುಟ ತಿರುಗಿಸಿದರೆ ಅದು ಬರೀ ನೀತಿಯಂತೆ ಕಾಣುತ್ತದೆ. ಬಾಯಿಬಿಟ್ಟು ಓದಿದಾಗಲೇ ಅದು ಮಾತಾಗುವುದು. ಇದಕ್ಕೆ ಛಂದಸ್ಸಿನ ಕಟ್ಟಿಲ್ಲ, ಹಾಡಲೇಬೇಕೆಂದಿಲ್ಲ. ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನಗಳನ್ನು ಕೇಳುವ ಸುಖ ದೊಡ್ಡದು. ಆದರೆ ಬೆಳಗಿನ ಓದಿಗೆ ರಾಗ ಬೇಡ, ಮನೆಯವರೊಡನೆ ಮಾತಾಡುವ ದನಿಯೇ ಸಾಕು.

ಎಲ್ಲಿ ನಿಲ್ಲಬೇಕು ಎಂಬುದು ಎರಡನೆಯ ಪಾಠ. ನನಗೆ ಇದು ಎಲ್ಲಕ್ಕಿಂತ ರುಚಿಯ ಭಾಗ. ತಾಳೆಗರಿಯಲ್ಲಿ ವಚನಗಳಿಗೆ ಸಾಲುಗಳಿರಲಿಲ್ಲ. ಗರಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಅಕ್ಷರ ತುಂಬಿಕೊಂಡು ಹೋಗುತ್ತಿತ್ತು. ಮನೆಮನೆ ತಿರುಗಿ ಆ ಕಟ್ಟುಗಳನ್ನು ಕೂಡಿಸಿದವರು ಫ.ಗು. ಹಳಕಟ್ಟಿ. 1923ರಲ್ಲಿ ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾಯಿತು. ಇಂದು ಪುಸ್ತಕದಲ್ಲಿ ನಾವು ಕಾಣುವ ಸಾಲುಗಳು ಸಂಪಾದಕರು ಬಿಡಿಸಿಟ್ಟವು. ಹಾಗಾಗಿ ಓದುವವರು ಸಾಲಿನ ತುದಿಗೆ ಕಟ್ಟುಬೀಳಬೇಕಿಲ್ಲ, ಅರ್ಥ ತಿರುಗುವ ಜಾಗವನ್ನು ತಮ್ಮ ಉಸಿರಿನಿಂದಲೇ ಹುಡುಕಿಕೊಳ್ಳಬೇಕು. ಅನೇಕ ವಚನಗಳಲ್ಲಿ ಒಂದೇ ಬಗೆಯ ಎರಡು ಮೂರು ಮಾತು ಸಾಲಾಗಿ ಬರುತ್ತವೆ, ಆಮೇಲೆ ಒಂದು ಮಾತು ಬೇರೆ ದಿಕ್ಕಿಗೆ ಹೊರಳುತ್ತದೆ. ಆ ಹೊರಳು ಸಿಕ್ಕ ದಿನ ವಚನ ಬಾಯಿಪಾಠವಾಗಿಯೇಬಿಡುತ್ತದೆ.

ಇನ್ನು ಅಂಕಿತ. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮರದು ಗುಹೇಶ್ವರ, ಅಕ್ಕಮಹಾದೇವಿಯವರದು ಚೆನ್ನಮಲ್ಲಿಕಾರ್ಜುನ, ಮೋಳಿಗೆ ಮಾರಯ್ಯನವರದು ನಿಃಕಳಂಕ ಮಲ್ಲಿಕಾರ್ಜುನ. ಇದು ಬರೆದವರ ಗುರುತು ಎಂದಷ್ಟೇ ತಿಳಿದು ಹಲವರು ಅದನ್ನು ಸರಸರ ದಾಟಿಬಿಡುತ್ತಾರೆ. ಪಳಗಿದವರು ಅದಕ್ಕೆ ಮುಂಚೆ ಒಂದು ಉಸಿರು ನಿಲ್ಲುತ್ತಾರೆ. ಬಸವಣ್ಣನವರ ಎಷ್ಟೋ ವಚನಗಳಲ್ಲಿ ‘ನಾನು’ ಎಂಬವನಿದ್ದಾನೆ. ಅವನ ಮನಸ್ಸು ನಿಂತಲ್ಲಿ ನಿಲ್ಲುವುದಿಲ್ಲ. ಅವನಿಗೆ ಹೊಗಳಿಕೆ ಬೇಕು. ಅವನ ನುಡಿಗೂ ನಡೆಗೂ ತಾಳೆಯಿಲ್ಲ. ದನಿಯೆತ್ತಿ ಓದಿದಾಗ ಆ ‘ನಾನು’ ಓದುವವರ ಬಾಯಲ್ಲೇ ಹುಟ್ಟುತ್ತದೆ. ಬೇರೆ ಯಾರನ್ನೋ ತಿದ್ದಲು ವಚನ ತೆಗೆದವರು ತಮ್ಮ ತಪ್ಪನ್ನೇ ಹೇಳಿಕೊಂಡಂತಾಗುತ್ತದೆ. ಅಂಕಿತ ಬಂದೊಡನೆ ಈ ಮಾತು ಯಾರಿಗೆಂಬುದು ತೀರ್ಮಾನವಾಗುತ್ತದೆ: ಪಕ್ಕದ ಮನೆಯವರಿಗಲ್ಲ, ಸೊಸೆಗಲ್ಲ, ಕಚೇರಿಯ ಮೇಲಿನವರಿಗಲ್ಲ. ಎದುರಿಗಿರುವುದು ದೇವರು. ಅಲ್ಲಿ ನೆಪ ಹೇಳಿ ಉಳಿಯುವ ಹಾಗಿಲ್ಲ. ನೆಪ ಬಿಟ್ಟಮೇಲೆ ಮನಸ್ಸು ಹಗುರಾಗುತ್ತದೆ. ದಿನವೂ ಓದುವವರು ‘ಸಮಾಧಾನ’ ಅನ್ನುವುದು ಇದನ್ನೇ ಎಂದು ನಾನು ನಂಬಿದ್ದೇನೆ.

ರೋಮಿನ ಚಕ್ರವರ್ತಿ ಮಾರ್ಕಸ್ ಅರೇಲಿಯಸ್ ಕೂಡ 2ನೆಯ ಶತಮಾನದಲ್ಲಿ ತನ್ನನ್ನು ತಾನೇ ತಿದ್ದಿಕೊಳ್ಳಲು ಗ್ರೀಕ್ ಭಾಷೆಯಲ್ಲಿ ಟಿಪ್ಪಣಿ ಬರೆದುಕೊಂಡ. ಅದನ್ನೂ ಜಗತ್ತು ಪ್ರೀತಿಯಿಂದ ಓದುತ್ತದೆ. ಆದರೆ ಅವನದು ಒಂಟಿ ಕೋಣೆಯ ಬರಹ. ಕಲ್ಯಾಣದಲ್ಲಿ ಆತ್ಮಪರೀಕ್ಷೆ ನಾಲ್ಕು ಜನರ ನಡುವೆ ನಡೆಯಿತು, ಗಂಡನನ್ನು ಹೆಂಡತಿ ತಿದ್ದಬಹುದಾದ ಜಾಗದಲ್ಲಿ ನಡೆಯಿತು. ಬಿದ್ದ ಅಕ್ಕಿ ಆಯ್ದು ತರುತ್ತಿದ್ದ ಇನ್ನೊಬ್ಬ ಮಾರಯ್ಯ ಒಂದು ದಿನ ಹೆಚ್ಚು ತಂದಾಗ, ನಮಗೆ ಇಷ್ಟೇಕೆ, ಅಲ್ಲಿಯೇ ಸುರಿದು ಬಾ ಎಂದವರು ಅವರ ಮಡದಿ ಲಕ್ಕಮ್ಮ. ಮೋಳಿಗೆ ಮಾರಯ್ಯನವರು ಕೈಲಾಸದ ಹಂಬಲ ಹಚ್ಚಿಕೊಂಡಾಗ, ಬೇರೆಲ್ಲಿಗೋ ಹೋಗುವ ಆಸೆಯೇ ಒಂದು ತೊಡಕು ಎಂದು ತಿಳಿಹೇಳಿದವರು ಅವರ ಮಡದಿ ಮಹಾದೇವಿಯಮ್ಮ. ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಬಂದ ದಂಪತಿ ಇವರೆಂದು ಪರಂಪರೆ ಹೇಳುತ್ತದೆ. ಚಂದಯ್ಯನವರ ಕಥೆ ಇನ್ನೂ ಬಿಗಿ: ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಜಾರಿ ಬಿದ್ದರೂ ಅವರು ಕೆಲಸ ನಿಲ್ಲಿಸಲಿಲ್ಲವಂತೆ. ಸರಿಯೇ ತಪ್ಪೇ ಎಂದು ಶರಣರು ವಾದಿಸಿದ್ದನ್ನು ‘ಶೂನ್ಯಸಂಪಾದನೆ’ ಕಟ್ಟಿಕೊಡುತ್ತದೆ. ಶ್ರಾವಣದ ಪ್ರವಚನಗಳಲ್ಲಿ, ಅಕ್ಕನ ಬಳಗದ ಕೂಟಗಳಲ್ಲಿ ಇಂಥ ಪ್ರಸಂಗ ಬಂದಾಗ ಕೇಳುವವರೂ ಎರಡು ಪಕ್ಷವಾಗುತ್ತಾರೆ. ಆಗಬೇಕು ಕೂಡ.

ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ಇದೇ ಹಸಿವಿಗೆ ಬೇರೊಂದು ಅಡುಗೆಯಿದೆ. ಬಸವಕಲ್ಯಾಣದ ಹತ್ತಿರ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಎಲ್ಲ ಮತಗಳನ್ನೂ ಒಪ್ಪುವ ಸಕಲಮತ ಸಂಪ್ರದಾಯ ಕಟ್ಟಿದರು; ಕನ್ನಡ, ಮರಾಠಿ, ಹಿಂದಿ ಎನ್ನದೆ ಪದ ಹೇಳಿದರು. ವಾರದ ಏಳು ದಿನಕ್ಕೆ ಬೇರೆ ಬೇರೆ ಪದಗಳಿರುವ ಭಜನೆ ಅಲ್ಲಿ ರೂಢಿ. ಅದು ಹಾಡಿನ ದಾರಿ, ಇದು ಮಾತಿನ ದಾರಿ. ದಿನಕ್ಕೆ ಇಷ್ಟು ಎಂದು ಅಳೆದುಕೊಳ್ಳುವ ಶಿಸ್ತು ಮಾತ್ರ ಎರಡಕ್ಕೂ ಒಂದೇ. ಮಾತಿನ ದಾರಿ ಉಳಿದದ್ದು ಮಾತ್ರ ಸುಲಭದಲ್ಲಲ್ಲ: ನಿಜಾಮರ ಆಡಳಿತದಲ್ಲಿ ಶಾಲೆ-ಕಚೇರಿಗಳಲ್ಲಿ ಉರ್ದು ಮೇಲಾಗಿದ್ದ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಕನ್ನಡ ಕಲಿಸುವ ಹಟ ಹಿಡಿಯದೆ ಹೋಗಿದ್ದರೆ, ಈ ಸೀಮೆಯ ಎಷ್ಟೋ ಮನೆಗಳಲ್ಲಿ ಈ ಓದು ನಿಂತೇ ಹೋಗುತ್ತಿತ್ತು.

ನಿದ್ದೆ ಕೆಟ್ಟು ಬದುಕೇ ಭಾರವಾದವರಿಗೆ ವಚನ ಓದಿ ಎಂದು ಹೇಳಿ ಸುಮ್ಮನಾಗಬಾರದು. ಅವರಿಗೆ ವೈದ್ಯರು ಬೇಕು, ಜೊತೆಗೆ ಕೂರುವ ಜನ ಬೇಕು. ನಾನು ಹೇಳುತ್ತಿರುವುದು ದಿನದಿನದ ಸಿಟ್ಟು, ಹೊಟ್ಟೆಕಿಚ್ಚು, ಸಾಲದೆಂಬ ತಳಮಳ ಇವುಗಳ ಮಾತು.

ಹೊಸದಾಗಿ ಶುರುಮಾಡುವವರು ಬಸವಣ್ಣನವರಿಂದಲೇ ಶುರುಮಾಡಲಿ, ಅವರ ಮಾತು ಅಷ್ಟು ನೇರ. ಆಮೇಲೆ ಲಕ್ಕಮ್ಮ, ಚಂದಯ್ಯ, ಮೋಳಿಗೆಯ ದಂಪತಿ. ಎಂ.ಎಂ. ಕಲಬುರ್ಗಿಯವರು ಪ್ರಧಾನ ಸಂಪಾದಕರಾಗಿ ಸರ್ಕಾರ ತಂದ ಸಮಗ್ರ ವಚನ ಸಂಪುಟಗಳು 15 ಇವೆ, ಗ್ರಂಥಾಲಯದಲ್ಲಿ ಕೇಳಿದರೆ ಸಿಗುತ್ತವೆ. ಒಂದು ವಚನ ಹಿಡಿಸಿದರೆ ಮರುದಿನವೂ ಅದನ್ನೇ ಓದಬಹುದು, ಮುಂದೆ ಹೋಗಲೇಬೇಕೆಂಬ ಅವಸರವಿಲ್ಲ. ಅಲ್ಲಮರ ಬೆಡಗಿನ ವಚನಗಳನ್ನು ಮಾತ್ರ ಒಬ್ಬರೇ ಕೂತು ಬಿಡಿಸಲು ಹೋಗಬೇಡಿ. ಹಳಬರೇ ಅವಕ್ಕೆ ಟೀಕೆ ಬರೆದು ಒಬ್ಬರಿಗೊಬ್ಬರು ನೆರವಾಗಿದ್ದಾರೆ. ಅವನ್ನು ತಿಳಿದವರೊಬ್ಬರು ಜೊತೆಗಿರುವ ಸಂಜೆಗೆಂದು ತೆಗೆದಿಟ್ಟುಕೊಳ್ಳಿ.