ಕತ್ತರಿ ಶಾಲೆಯ ಮೇಲೆ ಬೀಳದಿರಲಿ

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ರಾಜ್ಯದ 39 ತಾಲೂಕುಗಳನ್ನು ‘ಅತ್ಯಂತ ಹಿಂದುಳಿದ’ವೆಂದು ಗುರುತಿಸಿತು. ಕೊಪ್ಪಳ ಜಿಲ್ಲೆಯಿಂದ ಆ ಪಟ್ಟಿಗೆ ಸೇರಿದವು ಎರಡು: ಯಲಬುರ್ಗಾ ಮತ್ತು ಕುಷ್ಟಗಿ. ಮಳೆಯನ್ನೇ ನಂಬಿದ ಈ ಸೀಮೆಯ ಬಡವರ ಮಕ್ಕಳಿಗೆ ಊರಿನ ಸರ್ಕಾರಿ ಶಾಲೆಯೇ ಆಸರೆ.

ಬೊಕ್ಕಸ ಬರಿದಾದಾಗ ಕತ್ತರಿ ಮೊದಲು ಬೀಳುವುದೆಲ್ಲಿ? ಶಿಕ್ಷಣ ಬಜೆಟ್ಟಿನ ದೊಡ್ಡ ಪಾಲು ಸಂಬಳಕ್ಕೇ ಹೋಗುತ್ತದೆ, ಅದನ್ನು ನಿಲ್ಲಿಸಲಾಗದು. ಹಾಗಾಗಿ ಸೋರುವ ಚಾವಣಿಯ ದುರಸ್ತಿ, ಶೌಚಾಲಯ, ಹೊಸ ಕೊಠಡಿ ಮುಂದಕ್ಕೆ ಹೋಗುತ್ತವೆ. ಖಾಲಿ ಹುದ್ದೆ ಖಾಲಿಯೇ ಉಳಿಯುತ್ತದೆ. ಇಂಥ ಕಡಿತ ಬಜೆಟ್ ಭಾಷಣದಲ್ಲಿ ಕೇಳಿಸುವುದಿಲ್ಲ.

ಸಂಸತ್ತು 2012ರಲ್ಲಿ ಒಪ್ಪಿದ 371(ಜೆ) ವಿಧಿಯಿಂದ ಈ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಬಂದಿದೆ. ಆದರೆ ಮಂಡಳಿಯ ಹಣ ಇಲಾಖೆಯ ಹಣಕ್ಕೆ ಸೇರಬೇಕೇ ಹೊರತು ಅದರ ಬದಲಿಗೆ ಬರಬಾರದು.

ಇದನ್ನು ಕಾಯುವ ಅಧಿಕಾರ ಪಾಲಕರಿಗೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಸರ್ಕಾರಿ ಶಾಲೆಯ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಸಮಿತಿ ತಯಾರಿಸುವ ಶಾಲಾ ಅಭಿವೃದ್ಧಿ ಯೋಜನೆಯೇ ಅನುದಾನಕ್ಕೆ ಆಧಾರವೆಂದು ಕಾಯ್ದೆಯ 22ನೇ ಕಲಂ ಹೇಳುತ್ತದೆ. ಬೇಡಿಕೆ ಬರಹದಲ್ಲಿರಲಿ. ಎಷ್ಟು ಮಂಜೂರಾಯಿತು, ಎಷ್ಟು ಬಿಡುಗಡೆಯಾಯಿತು, ಎಷ್ಟು ಖರ್ಚಾಯಿತು ಎಂಬ ಮೂರು ಪ್ರಶ್ನೆಗಳನ್ನು ಪ್ರತಿ ಸಭೆಯಲ್ಲೂ ಕೇಳಬೇಕು.

ರಸ್ತೆಯನ್ನು ಮುಂದಿನ ವರ್ಷ ಮಾಡಿಸಬಹುದು. ಶಿಕ್ಷಕರಿಲ್ಲದೆ ಕಳೆದ ನಾಲ್ಕನೇ ತರಗತಿ ಮಗುವಿಗೆ ಮತ್ತೆ ಸಿಗದು.