ಖುಷ್ಕಿ ಹೊಲಕ್ಕೆ ಕೊರೋನಾ ಪರಿಹಾರ ಯಾಕೆ ಬರಲಿಲ್ಲ?

ಕೊರೋನಾ ಬಂದು ಹೋಗಿ ವರ್ಷಗಳಾದವು. ಆದರೂ ಕಡೂರು, ಅಜ್ಜಂಪುರ, ತರೀಕೆರೆಯ ಬಯಲು ಕಡೆ ನಾಲ್ಕು ಜನ ರೈತರು ಕೂತಲ್ಲಿ ಈಗಲೂ ಒಂದು ಮಾತು ಬರುತ್ತೆ. "ಸರ್ಕಾರ ಸಾವಿರ ಕೋಟಿ ಅಂತು, ನಮಗೇನು ಬಂತು?" ಬೈದು ಸುಮ್ಮನಾಗೋದು ಸುಲಭ. ಆದರೆ ಸರ್ಕಾರ ಯಾವ ಲೆಕ್ಕ ಹಿಡಿದು ಕೊಡ್ತು, ಆ ಲೆಕ್ಕದಲ್ಲಿ ನಮ್ಮಂಥ ಮಳೆ ನಂಬಿದವರು ಯಾಕೆ ಸಿಗಲಿಲ್ಲ ಅನ್ನೋದನ್ನ ತಿಳಿದುಕೊಂಡರೆ ಮುಂದಿನ ಸಲಕ್ಕೆ ಉಪಯೋಗ. ಮುಂದಿನ ಸಲ ರೋಗವೇ ಬರಬೇಕು ಅಂತಿಲ್ಲ. ಬರ ಬಂದರೂ, ಅತಿಮಳೆ ಬಂದರೂ ಇದೇ ಲೆಕ್ಕ.

ಯುಗಾದಿ ದಿನವೇ ಬೀಗ

ನಮ್ಮ ರಾಜ್ಯದಲ್ಲಿ ಮೊದಲ ಸೋಂಕು ಗೊತ್ತಾದದ್ದು 2020ರ ಮಾರ್ಚ್ ಎರಡನೇ ವಾರ, ಬೆಂಗಳೂರಲ್ಲಿ. ದೇಶದ ಮೊದಲ ಕೊರೋನಾ ಸಾವು ಕೂಡ ನಮ್ಮಲ್ಲೇ. ಮಾರ್ಚ್ 10ರಂದು ಕಲಬುರಗಿಯ ಹಿರಿಯರೊಬ್ಬರು ತೀರಿಕೊಂಡರು. ಮರುದಿನ 11ಕ್ಕೆ ರಾಜ್ಯ ಸರ್ಕಾರ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ನಿಯಮ ಹೊರಡಿಸ್ತು. 14ರಿಂದ ಸಿನಿಮಾ ಮಂದಿರ, ಮಾಲು, ದೊಡ್ಡ ಸಮಾರಂಭ ಎಲ್ಲಾ ಬಂದ್. ಆಗ ಮುಖ್ಯಮಂತ್ರಿ ಆಗಿದ್ದವರು ಯಡಿಯೂರಪ್ಪನವರು. ದೇಶವೆಲ್ಲಾ ಬೀಗ ಬಿದ್ದದ್ದು ಮಾರ್ಚ್ 25ಕ್ಕೆ. ಅವತ್ತೇ ಯುಗಾದಿ. ನಾವು ಹೊನ್ನೇರು ಕಟ್ಟೋ ದಿನ.

ಕಾಯ್ದೆಯ ವಯಸ್ಸು ನೋಡಿ. ಅದು ಪ್ಲೇಗಿನ ಕಾಲದ್ದು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು, ಆಮೇಲೆ ಮೈಸೂರು ಸೀಮೆಯ ಹಳ್ಳಿಗಳಿಗೂ ಹಬ್ಬಿತು. ನಮ್ಮ ಹಿರಿಯರು ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದರಂತೆ. ಆವಾಗ ಊರಿಂದ ಹೊಲಕ್ಕೆ ಹೋದರು. ಈ ಸಲ ಬೆಂಗಳೂರಿಂದ ಊರಿಗೆ ಬಂದರು. ಮನೆಮನೆಗೂ ಇಬ್ಬರು ಮೂವರು ಉಣ್ಣೋರು ಜಾಸ್ತಿಯಾದರು, ಅವರು ಕಳಿಸ್ತಿದ್ದ ದುಡ್ಡು ನಿಂತಿತು. ಖುಷ್ಕಿ ಸೀಮೆಗೆ ಬಿದ್ದ ಮೊದಲ ಪೆಟ್ಟು ಇದು. ಯಾವ ಪಹಣಿಯಲ್ಲೂ ಇದು ಬರೆದಿರೋದಿಲ್ಲ.

ನಮ್ಮ ಚಿಕ್ಕಮಗಳೂರು ಜಿಲ್ಲೆ ಮೇ ತಿಂಗಳ ಮೂರನೇ ವಾರದವರೆಗೂ ಹಸಿರು ವಲಯ. ರೋಗ ಇರಲಿಲ್ಲ, ಆದರೆ ರೋಗಕ್ಕೆ ಹಾಕಿದ ಬೀಗ ಇತ್ತು.

ಆದೇಶದಲ್ಲಿ ಬಿಟ್ಟರು, ದಾರಿಯಲ್ಲಿ ತಡೆದರು

ಬೇಸಾಯ ನಿಲ್ಲಿಸಿ ಅಂತ ಸರ್ಕಾರ ಎಲ್ಲೂ ಹೇಳಲಿಲ್ಲ. ಮಾರ್ಚ್ 27ಕ್ಕೇ ಕೇಂದ್ರದ ಗೃಹ ಇಲಾಖೆ ಹೊಲದ ಕೆಲಸ, ಕೂಲಿಯವರು, ಎಪಿಎಂಸಿ, ಬೀಜ, ಗೊಬ್ಬರ, ಔಷಧಿ, ಬಾಡಿಗೆ ಯಂತ್ರ ಇವಕ್ಕೆಲ್ಲಾ ವಿನಾಯಿತಿ ಕೊಟ್ಟಿತು. ರಾಜ್ಯದ ಕೃಷಿ ಇಲಾಖೆಯೂ ಮಾಲು ಸಾಗಿಸೋಕೆ ಪಾಸು ಕೊಡುವ ಏರ್ಪಾಡು ಮಾಡ್ತು. ರೈತರ ದೂರು ಕೇಳೋಕೆ 'ಅಗ್ರಿ ವಾರ್ ರೂಂ' ಅಂತ ತೆಗೀತು.

ಆದರೆ ಆದೇಶ ಹೊರಡೋದು ಬೇರೆ, ಅದು ರಸ್ತೆ ಮೇಲೆ ನಿಂತ ಪೇದೆಗೆ ತಲುಪೋದು ಬೇರೆ. ಎಪಿಎಂಸಿ ತೆರೆದಿದ್ದರೂ ಹಮಾಲರು ಇಲ್ಲ, ಲಾರಿ ಇಲ್ಲ, ಕೊಳ್ಳೋ ಹೋಟೆಲು ಮುಚ್ಚಿದೆ, ಮದುವೆ ಜಾತ್ರೆ ನಿಂತಿವೆ. ಬಾಗಿಲು ತೆಗೆದಿಟ್ಟರೆ ಸಂತೆ ಆಗೋದಿಲ್ಲ. ಹೂವು ಗಿಡದಲ್ಲೇ ಬಾಡಿತು, ಟೊಮೆಟೊ ತಿಪ್ಪೆ ಸೇರಿತು. ಇದನ್ನ ನೋಡಿಯೇ ಪರಿಹಾರದ ಮಾತು ಹುಟ್ಟಿದ್ದು.

ಪರಿಹಾರದ ಲೆಕ್ಕ

2020ರ ಮೇ 6ಕ್ಕೆ ರಾಜ್ಯ ಸರ್ಕಾರ 1,610 ಕೋಟಿಯ ಮೊದಲ ಪ್ಯಾಕೇಜು ಪ್ರಕಟಿಸ್ತು. ಹೂ ಬೆಳೆದವರಿಗೆ ಹೆಕ್ಟೇರಿಗೆ 25,000 ರೂಪಾಯಿ, ಜಾಸ್ತಿ ಅಂದರೆ ಒಂದು ಹೆಕ್ಟೇರಿಗೆ. ಅಗಸರು, ಕ್ಷೌರಿಕರು, ಆಟೋ ಟ್ಯಾಕ್ಸಿಯವರಿಗೆ ತಲಾ 5,000. ಮುಂದಿನ ವಾರ ತರಕಾರಿ, ಹಣ್ಣು ಬೆಳೆದವರಿಗೆ ಹೆಕ್ಟೇರಿಗೆ 15,000. ಅದರ ಬೆನ್ನಿಗೆ ಮೆಕ್ಕೆಜೋಳ ಬೆಳೆದ ಸುಮಾರು 10 ಲಕ್ಷ ರೈತರಿಗೆ ತಲಾ 5,000, ಅಂದರೆ 500 ಕೋಟಿ. ಆಶಾ ಕಾರ್ಯಕರ್ತೆಯರಿಗೆ ತಲಾ 3,000.

ಹೆಕ್ಟೇರು ಅಂದರೆ ನಮಗೆ ತಲೆಗೆ ಹೋಗಲ್ಲ. ಎಕರೆ ಗುಂಟೆಗೆ ತನ್ನಿ. ಹೂವಿಗೆ ಎಕರೆಗೆ ಸುಮಾರು 10,000, ಗುಂಟೆಗೆ 250. ತರಕಾರಿಗೆ ಎಕರೆಗೆ 6,000. ಹತ್ತು ಗುಂಟೆಯಲ್ಲಿ ಸೇವಂತಿಗೆ ಹಾಕಿದವನಿಗೆ 2,500. ಬೀಜ, ಗೊಬ್ಬರ, ಕೂಲಿ ಲೆಕ್ಕ ಹಾಕಿದರೆ ಇದು ನಷ್ಟ ತುಂಬೋ ಹಣ ಅಲ್ಲ. ಮುಂದಿನ ಬೆಳೆಗೆ ಕೈಸಾಲ ಕೊಟ್ಟ ಹಾಗೆ. ಅಷ್ಟಾದರೂ ಬಂತಲ್ಲ ಅನ್ನೋರೂ ಇದ್ದಾರೆ, ಅದೂ ನ್ಯಾಯವೇ.

ಹೊಲ ಖಾಲಿ ಇರೋ ಕಾಲ

ಈಗ ನಾಲ್ಕು ಎಕರೆ ಖುಷ್ಕಿ ಇರೋ ಒಬ್ಬ ರೈತನನ್ನ ಇಟ್ಟುಕೊಳ್ಳಿ. ಯಗಟಿ ಕಡೆಯೋ, ಪಂಚನಹಳ್ಳಿ ಕಡೆಯೋ, ಶಿವನಿ ಕಡೆಯೋ ಇರಲಿ. ಮಾರ್ಚಿನಿಂದ ಮೇವರೆಗೆ ಅವನ ಹೊಲದಲ್ಲಿ ಏನಿರುತ್ತೆ? ರಾಗಿ ಕುಯ್ದು ಕಣ ಮಾಡಿ ಮೂರ್ನಾಲ್ಕು ತಿಂಗಳಾಗಿರುತ್ತೆ. ಅಶ್ವಿನಿ, ಭರಣಿ ಹನಿದರೆ ಮಾಗಿ ಉಳುಮೆ ಮೇಲೆ ಒಂದು ಸಾಲು ಹೊಡೀತಾನೆ. ಕೃತ್ತಿಕೆ, ರೋಹಿಣಿಗೆ ಎಳ್ಳೋ ಹೆಸರೋ. ಮೃಗಶಿರಕ್ಕೆ ಈರುಳ್ಳಿ, ಕಡ್ಲೆಕಾಯಿ. ಆಮೇಲೆ ರಾಗಿ.

ಪರಿಹಾರ ಅಳೆದದ್ದು ಬೇಸಿಗೆಯಲ್ಲಿ ಹೊಲದಲ್ಲಿ ನಿಂತು ಕೆಟ್ಟ ಬೆಳೆಯನ್ನ. ಬೇಸಿಗೆಯಲ್ಲಿ ಬೆಳೆ ನಿಲ್ಲಬೇಕಾದರೆ ಬೋರು ಬೇಕು, ಇಲ್ಲ ಭದ್ರಾ ನೀರು ಬೇಕು. ಅವರಿಗೆ ಬಂದದ್ದು ತಪ್ಪು ಅಂತ ನಾನು ಹೇಳ್ತಿಲ್ಲ, ಅವರ ನಷ್ಟ ಕಣ್ಣಿಗೆ ಕಾಣುವಂಥದ್ದು. ಖುಷ್ಕಿಯವನ ನಷ್ಟ ಕಣ್ಣಿಗೆ ಕಾಣೋದಿಲ್ಲ. ಬೇಸಿಗೆ ಕೂಲಿ ಹೋಯ್ತು. ಮಗ ಕಳಿಸೋ ಹಣ ನಿಂತಿತು. ಮನೇಲಿ ಇಟ್ಟಿದ್ದ ಕಾಳು, ಕೊಬ್ಬರಿ ಮಾರೋಕೆ ಆಗಲಿಲ್ಲ. ಮುಂಗಾರಿಗೆ ಬೀಜ ಗೊಬ್ಬರಕ್ಕೆ ಅಂತ ಇಟ್ಟ ಗಂಟು ಅಡಿಗೆಮನೆಗೆ ಹೋಯ್ತು. ಇದಕ್ಕೆ ಹೆಕ್ಟೇರ್ ಲೆಕ್ಕ ಯಾರು ಕಟ್ತಾರೆ?

ಮೆಕ್ಕೆಜೋಳಕ್ಕೆ ಬಂತು, ರಾಗಿಗೆ ಬರಲಿಲ್ಲ

ಮಳೆ ಬೆಳೆಗಳಲ್ಲಿ ಪ್ಯಾಕೇಜಿಗೆ ಸಿಕ್ಕಿದ್ದು ಮೆಕ್ಕೆಜೋಳ. ಅದಕ್ಕೆ ಕಾರಣ ಇದೆ. ಕೋಳಿ ತಿಂದರೆ ಕೊರೋನಾ ಬರುತ್ತೆ ಅಂತ ಸುಳ್ಳು ಸುದ್ದಿ ಹಬ್ಬಿತು. ಅದೇ ಮಾರ್ಚಿನಲ್ಲಿ ಮೈಸೂರು, ದಾವಣಗೆರೆ ಕಡೆ ಹಕ್ಕಿಜ್ವರವೂ ಕಾಣಿಸ್ತು. ಕೋಳಿ ಫಾರಂ ಮಲಗಿದವು. ಮೆಕ್ಕೆಜೋಳದ ದೊಡ್ಡ ಗಿರಾಕಿಯೇ ಕೋಳಿ ಆಹಾರದ ಮಿಲ್ಲು. ಆ ವರ್ಷದ ಬೆಂಬಲ ಬೆಲೆ ಕ್ವಿಂಟಾಲಿಗೆ 1,760 ಇದ್ದರೂ ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗೆ ಹೋಯ್ತು.

ರಾಗಿ ಹಾಗಲ್ಲ. ಅದು ಕೆಡೋ ಮಾಲಲ್ಲ, ಹಿಂದೆ ಹಗೇವಿನಲ್ಲಿ ವರ್ಷಗಟ್ಟಲೆ ಇಡ್ತಿದ್ದರು. ಬೆಂಬಲ ಬೆಲೆ ಖರೀದಿಯೂ ಇದೆ. 2019-20ಕ್ಕೆ 3,150, ಮುಂದಿನ ವರ್ಷ 3,295 ರೂಪಾಯಿ. ಕಡೂರಿನ ರಾಗಿ ಖರೀದಿ ಕೇಂದ್ರದ ಮುಂದೆ ನಿಲ್ಲೋ ಟ್ರ್ಯಾಕ್ಟರ್ ಸಾಲು ನೋಡಿದವರಿಗೆ ಇದು ಹೊಸದಲ್ಲ. ಹಾಗಾಗಿ ರಾಗಿ ಬೆಳೆದವನಿಗೆ ಪ್ಯಾಕೇಜಿಗಿಂತ ಖರೀದಿ ಕೇಂದ್ರವೇ ದೊಡ್ಡ ಪರಿಹಾರ. ಆದರೆ ಅಲ್ಲೂ ಬೇಕಾಗೋದು ಅದೇ ಕಾಗದ.

ಹಣ ನಡೆದ ದಾರಿ

ಕಚೇರಿಯಲ್ಲಿ ಕೂತು ಕೈಗೆ ದುಡ್ಡು ಹಂಚಲಿಲ್ಲ. ಮೆಕ್ಕೆಜೋಳದ 5,000 ಹೋದದ್ದು ಹಿಂದಿನ ಮುಂಗಾರಿನ ಬೆಳೆ ಸಮೀಕ್ಷೆ ನೋಡಿ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ. ಬೆಳೆ ಸಮೀಕ್ಷೆ ಅಂದರೆ ಪ್ರತಿ ಸರ್ವೆ ನಂಬರಿನ ಹೊಲದಲ್ಲಿ ನಿಂತು ಮೊಬೈಲ್‌ನಲ್ಲಿ ಫೋಟೋ ತೆಗೆದು ಬೆಳೆ ಹೆಸರು ಬರೆಯೋದು. ಊರಿನ ಹುಡುಗರನ್ನ ಇದಕ್ಕೆ ಇಟ್ಟುಕೊಳ್ತಾರೆ. 2020ರ ಮುಂಗಾರಿನಿಂದ ರೈತರೇ ಸ್ವಂತ ಮೊಬೈಲ್‌ನಲ್ಲಿ ಮಾಡೋಕೆ ಅವಕಾಶ ಕೊಟ್ಟರು.

ಈ ದಾರಿಯಲ್ಲಿ ನಮ್ಮವರು ಬೀಳೋ ಗುಂಡಿ ನಾಲ್ಕು.

ಮೊದಲನೇದು, ಸತ್ತ ಅಪ್ಪನ ಹೆಸರಲ್ಲೇ ಪಹಣಿ ಇರೋದು. ಉಳೋನು ಮಗ, ದಾಖಲೆಯಲ್ಲಿ ಇರೋನು ಸ್ವರ್ಗದಲ್ಲಿ.

ಎರಡನೇದು, ವಾರಕ್ಕೋ ಗುತ್ತಿಗೆಗೋ ಮಾಡೋರು. ಬೆವರು ಇವರದು, ಹಣ ಹೋಗೋದು ಪಹಣಿದಾರನಿಗೆ.

ಮೂರನೇದು, ಅಕ್ಕಡಿ. ರಾಗಿ ಜೊತೆ ಅವರೆ, ತೊಗರಿ, ಹುಚ್ಚೆಳ್ಳು ಹಾಕಿರ್ತೀವಿ. ಫೋಟೋ ತೆಗೆಯೋ ಹುಡುಗ ಒಂದೇ ಬೆಳೆ ಬರೆದು ಹೋಗ್ತಾನೆ. ಹೊಲಕ್ಕೆ ಬಾರದೇ ಪಕ್ಕದ ಹೊಲದ ಬೆಳೆಯನ್ನೇ ಬರೆದದ್ದೂ ಉಂಟು.

ನಾಲ್ಕನೇದು, ಬ್ಯಾಂಕ್ ಖಾತೆಗೆ ಆಧಾರ್ ಸೇರದೇ ಇರೋದು. ಹಣ ಹೊರಟರೂ ಮನೆ ಸಿಗದೇ ತಿರುಗಿ ಹೋಗುತ್ತೆ.

ಸದ್ದಿಲ್ಲದೇ ಕೈ ಹಿಡಿದದ್ದು

ಇನ್ನೊಂದು ಕಡೆಯೂ ಹೇಳಬೇಕು. ಖುಷ್ಕಿ ಮನೆಗಳು ಆ ಎರಡು ವರ್ಷ ಉಳಿದದ್ದು ಹೊಸ ಪ್ಯಾಕೇಜಿನಿಂದಲ್ಲ, ಮೊದಲೇ ಇದ್ದ ಏರ್ಪಾಡುಗಳಿಂದ.

ಡೈರಿ ನಿಲ್ಲಲಿಲ್ಲ. ನಮ್ಮ ಜಿಲ್ಲೆಯ ಹಾಲು ಹೋಗೋದು ಹಾಸನ ಒಕ್ಕೂಟಕ್ಕೆ. ಹೋಟೆಲು ಮುಚ್ಚಿ ಹಾಲು ಮಿಕ್ಕಿದಾಗ, 2020ರ ಏಪ್ರಿಲ್‌ನಲ್ಲಿ ಸರ್ಕಾರ ಕೆಎಂಎಫ್ ಹಾಲನ್ನ ಕೊಂಡು ಪಟ್ಟಣದ ಕೊಳೆಗೇರಿಗಳಲ್ಲಿ ಪುಕ್ಕಟೆ ಹಂಚಿತು. ಬಡವರಿಗೂ ಆಯ್ತು, ಹಾಲು ಹಾಕೋರಿಗೂ ಆಯ್ತು. ನನ್ನ ಪ್ರಕಾರ ಆ ಕಾಲದ ಒಳ್ಳೇ ಕೆಲಸಗಳಲ್ಲಿ ಇದೊಂದು.

ರೇಷನ್ ಅಂಗಡಿ ನಿಲ್ಲಲಿಲ್ಲ. ಎರಡು ತಿಂಗಳದ್ದು ಒಟ್ಟಿಗೇ ಕೊಟ್ಟರು. ಅದರ ಮೇಲೆ ಕೇಂದ್ರದ್ದು ತಲೆಗೆ 5 ಕೆಜಿ.

ಉದ್ಯೋಗ ಖಾತ್ರಿ ಇತ್ತು. 2020-21ಕ್ಕೆ ಕೂಲಿ 249ರಿಂದ 275 ರೂಪಾಯಿ ಆಯ್ತು. ಜಾಬ್ ಕಾರ್ಡ್ ಇದ್ದ ಮನೆ 100 ದಿನ ಮಾಡಿದರೆ 27,500. ಲೆಕ್ಕ ನೋಡಿ, ಒಂದು ಹೆಕ್ಟೇರು ಹೂವಿಗೆ ಕೊಟ್ಟ ಪರಿಹಾರಕ್ಕಿಂತ ಜಾಸ್ತಿ. ಅದೂ ಬದು, ಕೃಷಿ ಹೊಂಡದ ಕೆಲಸ ಆದರೆ ಕೂಲಿ ಮನೇಲಿ, ನೀರು ಹೊಲದಲ್ಲಿ. ಆ ವರ್ಷ ಮಳೆ ಚೆನ್ನಾಗಿ ಬಂತು, ಹೊಂಡ ತೋಡಿದವರಿಗೆ ಗೊತ್ತು.

ಎರಡನೇ ಅಲೆಯಲ್ಲಿ ರೋಗವೇ ಹಳ್ಳಿಗೆ

2021ರ ಏಪ್ರಿಲ್ 27ಕ್ಕೆ, ಭರಣಿ ಹುಟ್ಟೋ ಹೊತ್ತಿಗೆ, ರಾಜ್ಯ ಸರ್ಕಾರ ತಾನೇ ಮತ್ತೆ ಬೀಗ ಹಾಕ್ತು. ಈ ಸಲ ಹಳ್ಳಿ ಬಿಡಲಿಲ್ಲ. ಆಸ್ಪತ್ರೆ ಸಾಲಲಿಲ್ಲ, ಆಮ್ಲಜನಕ ಸಾಲಲಿಲ್ಲ. ಮೇ ಮೊದಲಲ್ಲಿ ಚಾಮರಾಜನಗರ ಆಸ್ಪತ್ರೆಯಲ್ಲಿ 24 ಜನ ಸತ್ತದ್ದನ್ನ ಯಾರೂ ಮರೆಯೋ ಹಾಗಿಲ್ಲ. ಆಮೇಲೆ ಪ್ರತಿ ಗ್ರಾಮ ಪಂಚಾಯ್ತಿಗೆ 50,000 ಕೊಟ್ಟರು, ವೈದ್ಯರನ್ನ ಹಳ್ಳಿ ಕಡೆ ಕಳಿಸಿದರು. ಜೂನ್ 14ಕ್ಕೆ ಬಹಳ ಜಿಲ್ಲೆಗಳಿಗೆ ಬೀಗ ಸಡಿಲಿಸಿದಾಗಲೂ ಚಿಕ್ಕಮಗಳೂರು ಸೇರಿ 11 ಜಿಲ್ಲೆಗೆ ಬಿಗಿ ಹಾಗೇ ಉಳೀತು. ಹೊರಗೆ ಮೃಗಶಿರ, ಈರುಳ್ಳಿ ಬಿತ್ತೋ ಹದ.

ಮೇ 19ರ 1,250 ಕೋಟಿ ಪ್ಯಾಕೇಜಿನಲ್ಲಿ ಹೂ, ಹಣ್ಣು, ತರಕಾರಿಗೆ ಹೆಕ್ಟೇರಿಗೆ 10,000, ಅಂದರೆ ಎಕರೆಗೆ ಸುಮಾರು 4,000. ಖುಷ್ಕಿಯವನಿಗೆ ಅದರಲ್ಲಿ ನಿಜವಾಗಿ ಮುಟ್ಟಿದ್ದು ಸೊಸೈಟಿ ಸಾಲ ಕಟ್ಟೋ ಗಡುವನ್ನ ಜುಲೈ 31ರವರೆಗೆ ಮುಂದೆ ಹಾಕಿದ್ದು. ಬಿತ್ತನೆ ಹೊತ್ತಲ್ಲಿ ಅದು ದೊಡ್ಡ ಮಾತು.

ಸಾವಿಗೂ ಕಾಗದ ಬೇಕಾಯ್ತು. ಬಿಪಿಎಲ್ ಮನೆಯ ದುಡಿಯೋರು ಕೊರೋನಾದಿಂದ ಸತ್ತರೆ ರಾಜ್ಯ ಸರ್ಕಾರ 1 ಲಕ್ಷ ಅಂತು, ಅದರ ಮೇಲೆ ವಿಪತ್ತು ನಿಧಿಯಿಂದ 50,000. ಆದರೆ ಟೆಸ್ಟ್ ಆಗದೇ ಮನೇಲೇ ಸತ್ತವರ ಕಡೆಯವರು ಏನು ತೋರಿಸಬೇಕು? ಮರಣಪತ್ರದಲ್ಲಿ ಕೊರೋನಾ ಅಂತ ಬರೆದಿಲ್ಲ ಅನ್ನೋ ಒಂದೇ ಕಾರಣಕ್ಕೆ ಹಣ ತಡೆಯಬಾರದು ಅಂತ ಸುಪ್ರೀಂ ಕೋರ್ಟು 2021ರ ಅಕ್ಟೋಬರಿನಲ್ಲಿ ಹೇಳಬೇಕಾಯ್ತು. ಟೆಸ್ಟ್ ಚೀಟಿಯೂ ಇಲ್ಲದವರಿಗೆ ಅದರಿಂದಲೂ ದಾರಿ ಸಿಕ್ಕಲಿಲ್ಲ.

ಈಗ ಮಾಡಬೇಕಾದ್ದು

ಸರ್ಕಾರ ಯಾವ ಪಕ್ಷದ್ದೇ ಇರಲಿ, ಕಷ್ಟ ಬಂದಾಗ ಅದು ನೋಡೋದು ನಮ್ಮ ಮುಖವನ್ನಲ್ಲ, ದಾಖಲೆಯನ್ನ. ಹಾಗಾಗಿ ಬಿಡುವಿದ್ದಾಗ ಈ ಕೆಲಸ ಮುಗಿಸಿಡಿ.

1. ಹಿರಿಯರ ಹೆಸರಲ್ಲಿ ಪಹಣಿ ಇದ್ದರೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಕೊಡಿ. ಅಣ್ತಮ್ಮಂದಿರ ಜಗಳ ಇದ್ದರೂ ಜಂಟಿ ಖಾತೆಯಾದರೂ ಆಗಲಿ.

2. ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ನಂಬರ್ ಕೇಳಿ. ಅದರಲ್ಲಿ ನಿಮ್ಮ ಎಲ್ಲಾ ಸರ್ವೆ ನಂಬರು ಸೇರಿದೆಯಾ ಒಂದೊಂದಾಗಿ ನೋಡಿ. ಒಂದು ತುಂಡು ಬಿಟ್ಟರೂ ಅಲ್ಲಿನ ಬೆಳೆ ಲೆಕ್ಕಕ್ಕಿಲ್ಲ.

3. ಬೆಳೆ ಸಮೀಕ್ಷೆ ದಿನ ಹೊಲದಲ್ಲಿ ನೀವೇ ಇರಿ. ಅಕ್ಕಡಿ ಬೆಳೆಯನ್ನ ಮಿಶ್ರ ಬೆಳೆ ಅಂತ ಬರೆಸಿ. ತಪ್ಪಿದ್ದರೆ ಆಕ್ಷೇಪಣೆ ಹಾಕೋಕೆ ಅವಕಾಶ ಇದೆ, ಗಡುವು ಮುಗಿಯೋದರೊಳಗೆ ಹಾಕಿ.

4. ಆಧಾರ್ ಯಾವ ಖಾತೆಗೆ ಜೋಡಿಸಿದೆ ಅಂತ ಬ್ಯಾಂಕಿನಲ್ಲಿ ಕೇಳಿ. ಹಣ ಹೋಗೋದು ಅದಕ್ಕೇ.

5. ಮನೆಗೊಂದು ಜಾಬ್ ಕಾರ್ಡ್, ಕೊಟ್ಟಿಗೆಯಲ್ಲಿ ಒಂದಾದರೂ ಕರೆಯೋ ಹಸು.

ಸರ್ಕಾರಕ್ಕೂ ಒಂದು ಮಾತು. ಮಳೆ ಸೀಮೆಯ ರೈತನಿಗೆ ಪೆಟ್ಟು ಬೀಳೋದು ಹೊಲ ಖಾಲಿ ಇರುವಾಗಲೂ ಉಂಟು. ಅಂಥ ಹೊತ್ತಲ್ಲಿ ಬೆಳೆ ಪರಿಹಾರಕ್ಕಿಂತ ಮುಂಗಾರಿನ ಬೀಜ, ಗೊಬ್ಬರ ಸಾಲಕ್ಕೆ ಕೊಟ್ಟರೂ ಸಾಕು, ಮಳೆ ಬಂದಾಗ ಬಿತ್ತನೆ ನಿಲ್ಲೋದಿಲ್ಲ. ವಾರಕ್ಕೆ ಮಾಡೋರ ಹೆಸರು ಬರೆಯೋಕೂ ದಾಖಲೆಯಲ್ಲಿ ಒಂದು ಕಾಲಂ ಇರಲಿ.

ನಿಮ್ಮೂರಲ್ಲಿ ಯಾರಿಗೆ ಬಂತು, ಯಾರಿಗೆ ಬರಲಿಲ್ಲ, ಯಾಕೆ ಅಂತ ಪತ್ರಿಕೆಗೆ ಬರೀರಿ. ಹತ್ತು ಊರಿನ ಲೆಕ್ಕ ಕೂಡಿದರೆ ಕೇಳೋಕೆ ಬಾಯಿ ಬರುತ್ತೆ.