ಕಾಣೆಯಾದ ಪ್ರೋಗ್ರಾಮು ಮತ್ತು ಅದರ ಪುನಃಪ್ರಾಪ್ತಿ

ಮನೆಯಲ್ಲಿ ಕಂಪ್ಯೂಟರನ್ನಿಟ್ಟುಕೊಂಡವರಿಗೆ ಒದಗುವ ತೊಡಕುಗಳಲ್ಲಿ ಒಂದು ಬಹು ವಿಚಿತ್ರವಾದುದು. ಯಂತ್ರವು ಎಂದಿನಂತೆ ಎಚ್ಚೆತ್ತುಕೊಳ್ಳುತ್ತದೆ, ಪರದೆಯೂ ಬೆಳಗುತ್ತದೆ. ಆದರೆ ನಿನ್ನೆಯವರೆಗೂ ಇದ್ದ ಕ್ಯಾಲ್ಕ್ಯುಲೇಟರು ಮಾತ್ರ ಮಾಯವಾಗಿರುತ್ತದೆ. ಅದು ಹಣ ಕೊಟ್ಟು ತಂದುದಲ್ಲ, ವಿಂಡೋಸಿನೊಡನೆಯೇ ಬಂದುದು. ಹೀಗಾದಾಗ ಬಹುಮಂದಿ ಎರಡರಲ್ಲಿ ಒಂದು ದಾರಿಯನ್ನು ಹಿಡಿಯುತ್ತಾರೆ. ಅಂತರ್ಜಾಲದಲ್ಲಿ ಮೊದಲು ಕಣ್ಣಿಗೆ ಬಿದ್ದ ಉಚಿತ ಕ್ಯಾಲ್ಕ್ಯುಲೇಟರನ್ನು ಇಳಿಸಿಕೊಳ್ಳುವುದು ಒಂದು. ಯಂತ್ರವನ್ನು ರಿಪೇರಿಯ ಅಂಗಡಿಗೊಯ್ದು, ಸಮಸ್ತವನ್ನೂ ಅಳಿಸಿ, ವಿಂಡೋಸನ್ನು ಹೊಸದಾಗಿ ತುಂಬಿಸುವುದು ಇನ್ನೊಂದು. ಮೊದಲನೆಯದರಿಂದ ಕಳ್ಳನ ಕೈಗೆ ಬೀಗದ ಕೈಯನ್ನು ಕೊಟ್ಟಂತಾಗಬಹುದು. ಎರಡನೆಯದರಲ್ಲಿ, ನಕಲು ತೆಗೆದಿರಿಸದ ಮದುವೆಯ ಚಿತ್ರಗಳೂ ಮನೆಯ ಲೆಕ್ಕಪತ್ರಗಳೂ ಕ್ಯಾಲ್ಕ್ಯುಲೇಟರಿನ ಬೆನ್ನುಹತ್ತಿ ಹೊರಟುಹೋಗುತ್ತವೆ. ಇಲಿಗೆ ಹೆದರಿ ಮನೆಗೆ ಬೆಂಕಿಯಿಟ್ಟಂತೆ!

ಯಂತ್ರದೊಡನೆ ಬಂದುದು ಕಾಣೆಯಾಗುವುದಾದರೂ ಹೇಗೆ? 1981ರಲ್ಲಿ ಬ್ರಿಟನ್ನಿನಲ್ಲಿ ಹೊರಬಂದ ಬಿಬಿಸಿ ಮೈಕ್ರೋ ಎಂಬ ಗೃಹಗಣಕದಲ್ಲಿ ಇಂಥ ಪ್ರಶ್ನೆಗೆ ಎಡೆಯೇ ಇರಲಿಲ್ಲ. 1984ರ ‘ಕ್ಲಾಸ್’ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೂ ಬಂದಿದ್ದ ಯಂತ್ರವಿದು. ಅದರ ಬೇಸಿಕ್ ಭಾಷೆಯು 16 ಕಿಲೋಬೈಟುಗಳ ಒಂದು ರಾಮ್ ಅಲ್ಲ, ರೋಮ್ ಚಿಪ್ಪಿನಲ್ಲಿ, ಎಂದರೆ ಓದಲು ಮಾತ್ರ ಬರುವ ಸ್ಮೃತಿಯಲ್ಲಿ, ಅಚ್ಚೊತ್ತಿದಂತಿತ್ತು. ಚಿಪ್ಪನ್ನು ಕಿತ್ತಲ್ಲದೆ ಪ್ರೋಗ್ರಾಮನ್ನು ಕಳೆಯುವಂತಿರಲಿಲ್ಲ. ಇಂದಿನ ಕಂಪ್ಯೂಟರಿನಲ್ಲಿ ಎಲ್ಲವೂ ಡಿಸ್ಕಿನ ಮೇಲಿನ ಬರಹ. ಬರೆದುದನ್ನು ಅಳಿಸಲೂ ಬಹುದು.

ಇಷ್ಟೇ ಆಗಿದ್ದರೆ ವಿಷಯ ಸರಳವಾಗಿತ್ತು. ಆದರೆ ‘ಇದೆ’ ಎಂಬ ಮಾತಿಗೇ ಇಲ್ಲಿ ಒಂದಕ್ಕಿಂತ ಹೆಚ್ಚು ಅರ್ಥಗಳಿವೆ. ಒಂದು ದೊಡ್ಡ ಗ್ರಂಥಾಲಯವನ್ನು ಊಹಿಸಿಕೊಳ್ಳೋಣ. ಪುಸ್ತಕವು ಕಪಾಟಿನಲ್ಲಿದೆ, ಆದರೆ ಸೂಚೀಪಟ್ಟಿಯಲ್ಲಿ ಅದರ ಚೀಟಿಯಿಲ್ಲ. ಓದುಗನ ಪಾಲಿಗೆ ಆ ಪುಸ್ತಕ ಇಲ್ಲ. ಚೀಟಿಯಿದ್ದು ಪುಸ್ತಕವಿಲ್ಲದಿದ್ದರೂ ಅವನು ಬರಿಗೈಯಲ್ಲೇ ಹಿಂದಿರುಗಬೇಕು. ಫಲವೊಂದೇ, ಚಿಕಿತ್ಸೆ ಮಾತ್ರ ಬೇರೆ ಬೇರೆ.

ಕ್ಯಾಲ್ಕ್ಯುಲೇಟರು 1985ರ ಮೊದಲ ವಿಂಡೋಸಿನಿಂದಲೂ ಬಂದಿರುವ ಹಳೆಯ ಪ್ರೋಗ್ರಾಮು. 2015ರಲ್ಲಿ ವಿಂಡೋಸ್ 10 ಬಂದಾಗ ಅದರ ಪಟ್ಟು ಬದಲಾಯಿತು. ವಿಂಡೋಸಿನ ಮೂಲ ಕೋಶದಲ್ಲಿ ಕ್ಯಾಲ್ಕ್ ಎಂಬ ಹೆಸರಿನ ಫೈಲು ಈಗಲೂ ಇದೆ. ಆದರೆ ಅದು ಲೆಕ್ಕವನ್ನೇ ಅರಿಯದು! ಅದು ಬರಿಯ ದ್ವಾರಪಾಲಕ. ನಿಜವಾದ ಪ್ರೋಗ್ರಾಮು, ಸಾಮಾನ್ಯರಿಗೆ ಬಾಗಿಲು ತೆರೆಯದ ‘ವಿಂಡೋಸ್‌ಆ್ಯಪ್ಸ್’ ಎಂಬ ಕೋಶದಲ್ಲಿ ಕಟ್ಟಿನ ರೂಪದಲ್ಲಿರುತ್ತದೆ. ಆ ಕಟ್ಟು ಪ್ರತಿಯೊಬ್ಬ ಬಳಕೆದಾರನ ಹೆಸರಿನಲ್ಲೂ ಪ್ರತ್ಯೇಕವಾಗಿ ನೋಂದಾವಣೆಯಾಗಬೇಕು. ನೋಂದಾವಣೆ ಅಳಿದುಹೋದರೆ ದ್ವಾರಪಾಲಕನು ಕರೆಯುತ್ತಾನೆ, ಒಳಗಿನಿಂದ ಉತ್ತರ ಬಾರದು. ಈ ಕೊಂಡಿಯನ್ನು ತೆರೆಯಲು ಹೊಸ ಆ್ಯಪು ಬೇಕೆಂಬ ಗೂಢವಾದ ಸಂದೇಶವೊಂದು ಪರದೆಯ ಮೇಲೆ ಮೂಡುತ್ತದೆ. ಒಂದೇ ಯಂತ್ರದಲ್ಲಿ ತಂದೆಯ ಖಾತೆಯಲ್ಲಿ ಇಲ್ಲದ ಕ್ಯಾಲ್ಕ್ಯುಲೇಟರು ಮಗಳ ಖಾತೆಯಲ್ಲಿ ಇರುವುದರ ರಹಸ್ಯವೂ ಇದೇ. ಆದುದರಿಂದ ಇನ್ನೊಂದು ಖಾತೆಯಿಂದ ಒಳಹೊಕ್ಕು ನೋಡುವುದು ಉತ್ತಮವಾದ ಪರೀಕ್ಷೆ. ಅಲ್ಲಿ ಅದು ಕಂಡರೆ ಪುಸ್ತಕ ಕಪಾಟಿನಲ್ಲಿಯೇ ಇದೆ, ಕಳೆದುದು ಚೀಟಿ ಮಾತ್ರ.

ಆಗ ಮಾಡತಕ್ಕದ್ದೇನು? ಪ್ರೋಗ್ರಾಮು ಸೆಟ್ಟಿಂಗ್ಸಿನ ಪಟ್ಟಿಯಲ್ಲಿದ್ದೂ ತೆರೆಯದಿದ್ದರೆ, ಅಲ್ಲಿಯೇ ಇರುವ ‘ರಿಪೇರ್’ ಗುಂಡಿಯನ್ನು ಒತ್ತಬಹುದು. ಅದರ ನೆರೆಯ ‘ರೀಸೆಟ್’ ಗುಂಡಿಯು ಆ ಪ್ರೋಗ್ರಾಮು ಕೂಡಿಟ್ಟ ಮಾಹಿತಿಯನ್ನು ಅಳಿಸಿಬಿಡುವುದರಿಂದ ಅದಕ್ಕೆ ಎರಡನೆಯ ಸರದಿ. ಪಟ್ಟಿಯಲ್ಲೇ ಇಲ್ಲದಿದ್ದರೆ ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ಹುಡುಕಿ, ಪ್ರಕಾಶಕರ ಹೆಸರು ಮೈಕ್ರೋಸಾಫ್ಟ್ ಎಂದಿರುವುದನ್ನು ಖಚಿತಪಡಿಸಿಕೊಂಡು, ಸ್ಥಾಪಿಸಿಕೊಳ್ಳಬೇಕು. ಹಣವೇನೂ ಬೇಡ. ಸ್ಟೋರೇ ಕೆಟ್ಟಿದ್ದರೆ, ಪವರ್‌ಶೆಲ್ ಎಂಬ ಆಜ್ಞಾಫಲಕದಿಂದ ಡಿಸ್ಕಿನಲ್ಲಿರುವ ಕಟ್ಟನ್ನು ಮರಳಿ ನೋಂದಾಯಿಸುವ ಉಪಾಯವುಂಟು. ಕಟ್ಟೇ ಅಳಿದಿದ್ದರೆ ಈ ಆಜ್ಞೆ ನಿಷ್ಫಲ. ಚೀಟಿ ಬರೆದ ಮಾತ್ರಕ್ಕೆ ಪುಸ್ತಕ ಹುಟ್ಟುವುದಿಲ್ಲವಷ್ಟೆ.

ಹಳೆಯ ವಿಂಡೋಸ್ ಫೋಟೋ ವ್ಯೂಯರಿನ ಕಥೆ ಇನ್ನೂ ಸ್ವಾರಸ್ಯವಾದುದು. ವಿಂಡೋಸ್ 10ನ್ನು ಹೊಸದಾಗಿ ಸ್ಥಾಪಿಸಿದವರು ಅದು ಹೋಯಿತೆಂದು ಮರುಗಿದರು. ವಸ್ತುತಃ ಅದು ತನ್ನ ಕೋಶದಲ್ಲಿಯೇ ಕುಳಿತಿತ್ತು. ರಿಜಿಸ್ಟ್ರಿ ಎಂಬ ದಫ್ತರದಲ್ಲಿ ಅದರ ಹೆಸರಿನ ಮುಂದೆ ಟಿಫ್ ಜಾತಿಯ ಚಿತ್ರಗಳನ್ನು ಮಾತ್ರ ನಮೂದಿಸಿ, ಜೆಪೆಗ್ ಮುಂತಾದವನ್ನು ಬಿಟ್ಟಿದ್ದರು. ಆ ನಮೂದುಗಳನ್ನು ಸೇರಿಸಿದೊಡನೆ ಅದು ಎದ್ದುಬಂದಿತು. ದಫ್ತರವನ್ನು ಮುಟ್ಟುವ ಮೊದಲು ಅದರ ಪ್ರತಿಯೊಂದನ್ನು ತೆಗೆದಿರಿಸುವುದು ವಿವೇಕ.

ಇನ್ನು ವಿಂಡೋಸಿನ ಮೂಲ ಫೈಲುಗಳೇ ಕೆಟ್ಟಿದ್ದರೆ? ಅದನ್ನು ಪತ್ತೆಹಚ್ಚಲು ಎಸ್‌ಎಫ್‌ಸಿ ಎಂಬ ಪರೀಕ್ಷಕನಿದ್ದಾನೆ. ಸಾವಿರಾರು ಫೈಲುಗಳಲ್ಲಿ ಕೆಟ್ಟುದು ಯಾವುದೆಂದು ಅವನಿಗೆ ತಿಳಿಯುವ ಬಗೆಯನ್ನು ನಮ್ಮ ಹಿರಿಯರ ಲೆಕ್ಕದ ತಾಳೆಯಿಂದ ಅರಿಯಬಹುದು. 347ನ್ನು 26ರಿಂದ ಗುಣಿಸಿದರೆ 9022. ಮೊದಲ ಸಂಖ್ಯೆಯ ಅಂಕಿಗಳನ್ನು ಕೂಡಿ ಕೂಡಿ ಒಂದಂಕಿಗೆ ಇಳಿಸಿದರೆ 5, ಎರಡನೆಯದರಿಂದ 8. ಇವುಗಳ ಗುಣಲಬ್ಧ 40, ಎಂದರೆ 4. ಉತ್ತರದ ಅಂಕಿಗಳಿಂದಲೂ 4 ಬರುವುದರಿಂದ ತಾಳೆಯಾಯಿತು. ಆದರೆ 9022ರ ಬದಲು 9202 ಎಂದು ಬರೆದರೂ ಈ ತಾಳೆ ತಪ್ಪನ್ನು ಹಿಡಿಯಲಾರದು. ಕಂಪ್ಯೂಟರು ಬಳಸುವ ತಾಳೆಸಂಖ್ಯೆ ಇದಕ್ಕಿಂತ ಬಹಳ ಸೂಕ್ಷ್ಮ: ಫೈಲಿನಲ್ಲಿ ಒಂದೇ ಒಂದು ಬಿಟ್ಟು ಬದಲಾದರೂ ಆ ಸಂಖ್ಯೆ ಗುರುತು ಸಿಗದಂತೆ ಮಾರ್ಪಡುತ್ತದೆ. ತಾಳೆ ತಪ್ಪಿದ ಫೈಲಿನ ಸ್ಥಾನದಲ್ಲಿ ‘ವಿನ್‌ಎಸ್‌ಎಕ್ಸ್‌ಎಸ್’ ಎಂಬ ಉಗ್ರಾಣದ ಒಳ್ಳೆಯ ಪ್ರತಿಯನ್ನು ಇಡಲಾಗುತ್ತದೆ. ಡಿಸ್ಕಿನಲ್ಲಿ ಜಾಗವಾಗಲೆಂದು ಈ ಉಗ್ರಾಣವನ್ನೇ ಅಳಿಸಹೊರಡುವ ಸಾಹಸಿಗಳಿದ್ದಾರೆ. ಅದು ಬಿತ್ತನೆಯ ಬೀಜವನ್ನು ಕುಟ್ಟಿ ಉಂಡಂತೆ.

ಉಗ್ರಾಣದ ಕಾಳಿಗೇ ಹುಳು ಹಿಡಿದಿದ್ದರೆ ಡಿಸ್ಮ್ ಎಂಬ ಇನ್ನೊಂದು ಸಾಧನವು ಮೈಕ್ರೋಸಾಫ್ಟಿನಿಂದ ಶುದ್ಧ ಪ್ರತಿಗಳನ್ನು ತರಿಸುತ್ತದೆ. ಆದುದರಿಂದ ಮೊದಲು ಡಿಸ್ಮನ್ನೂ ಅನಂತರ ಎಸ್‌ಎಫ್‌ಸಿಯನ್ನೂ ನಡೆಸುವುದು ಕ್ರಮ. ಎರಡಕ್ಕೂ ಆಡಳಿತಾಧಿಕಾರವುಳ್ಳ ಖಾತೆ ಬೇಕು. ಸ್ಟೋರಿನಿಂದ ಬರುವ ಕ್ಯಾಲ್ಕ್ಯುಲೇಟರಿನಂಥವು ಮಾತ್ರ ಈ ಪರೀಕ್ಷಕನ ಎಲ್ಲೆಗೆ ಸೇರಿದುವಲ್ಲ. ಅವುಗಳಿಗಾಗಿ ಇದನ್ನು ಹತ್ತು ಸಲ ನಡೆಸಿದರೂ ಕಾಲವ್ಯಯವಷ್ಟೆ.

ಇವೆಲ್ಲವೂ ವಿಫಲವಾದಲ್ಲಿ ವಿಂಡೋಸನ್ನು ಅದರ ಮೇಲೆಯೇ ಮರುಸ್ಥಾಪಿಸಬಹುದು. ಸ್ಥಾಪನೆಯ ವೇಳೆ ಕೇಳುವ ಪ್ರಶ್ನೆಗೆ, ಸ್ವಂತ ಫೈಲುಗಳನ್ನೂ ಆ್ಯಪುಗಳನ್ನೂ ಉಳಿಸಿಕೊಳ್ಳುವ ಆಯ್ಕೆಯನ್ನು ಗುರುತಿಸಬೇಕು. ಅದಕ್ಕೆ ಮುಂಚೆ ಚಿತ್ರಗಳನ್ನೂ ಪತ್ರಗಳನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಯಂತ್ರದಿಂದ ಬಿಡಿಸಿ ಇಡತಕ್ಕದ್ದು.